ಪಡುಬಿದ್ರಿಯ ನೀಲಿ ಬಾವುಟ, ಮೈಲಾರದ ಹೊಳೆ



ಹೋದ ದಸರಾ ರಜೆಗೆ ಮಕ್ಕಳ ಹಟಕ್ಕೆ ಕರಾವಳಿ ಕಡೆ ಹೋಗಿದ್ವಿ. ಉಡುಪಿ ದಾಟಿ ಬರುವಾಗ ಚಹಾ ಅಂಗಡಿಯವರೊಬ್ಬರು "ಪಡುಬಿದ್ರಿಯಲ್ಲಿ ಬ್ಲೂ ಫ್ಲ್ಯಾಗ್ ಬೀಚ್ ಉಂಟು, ನೋಡಿಕೊಂಡು ಹೋಗಿ" ಅಂದ್ರು. ಮನೆಯವಳು ಅದೇನು ಅಂತ ಕೇಳಿದಳು, ನೀಲಿ ಬಾವುಟ ಅಂದೆ. ಸಣ್ಣ ಮಗ ತಕ್ಷಣ "ಅಪ್ಪಾ, ನಮ್ಮ ಬಾವುಟನಾ?" ಅಂದ. ಏಪ್ರಿಲ್ 14ಕ್ಕೆ ಕಟ್ಟುವ ಬಾವುಟ ಬಿಟ್ಟು ಬೇರೆ ನೀಲಿ ಬಾವುಟ ಅವನಿಗೆ ಗೊತ್ತಿಲ್ಲ. ನನಗೂ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ ಅನ್ನಿ.

ಹೋಗಿ ನೋಡಿದ್ವಿ. ಬಟ್ಟೆ ಬದಲಿಸೋ ಕೋಣೆ, ಸಿಹಿನೀರಿನ ಶವರ್, ಶೌಚಾಲಯ, ಗಾಲಿಕುರ್ಚಿಯವರಿಗೆ ದಾರಿ, ಎತ್ತರದ ಅಟ್ಟಣಿಗೆ ಮೇಲೆ ಕೂತು ನೀರಿಗಿಳಿದವರನ್ನು ಕಾಯೋ ಹುಡುಗರು. ಇವೆಲ್ಲ ಇರಲಿ. ನಾನು ನಿಂತಿದ್ದು ಒಂದು ಬೋರ್ಡಿನ ಮುಂದೆ. ಈ ನೀರಿನಲ್ಲಿ ಸ್ನಾನ ಮಾಡಬಹುದೋ ಇಲ್ಲವೋ ಅಂತ ಪರೀಕ್ಷೆ ಮಾಡಿ, ಅದರ ವಿವರ ಅಲ್ಲೇ ಹಾಕಿದ್ರು. ನಲವತ್ತು ದಾಟಿದ ನನ್ನ ಜೀವನದಲ್ಲಿ ಸ್ನಾನದ ನೀರಿನ ಬಗ್ಗೆ ಒಂದು ಸರ್ಕಾರಿ ಬೋರ್ಡು ನೋಡಿದ್ದು ಅದೇ ಮೊದಲು. ನಮ್ಮ ಹೊಳೆ ದಂಡೆಯಲ್ಲಿ ನೋಡಿದ ಬೋರ್ಡು ಒಂದೇ: "ಎಚ್ಚರಿಕೆ, ನೀರು ಆಳವಾಗಿದೆ."

ಆಮೇಲೆ ಓದಿ ತಿಳ್ಕೊಂಡೆ. ಈ ನೀಲಿ ಬಾವುಟ ಕೊಡೋದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರೋ ಒಂದು ಸಂಸ್ಥೆ. 33 ಮಾನದಂಡ ಇದಾವೆ. 2020ರ ಅಕ್ಟೋಬರ್‌ನಲ್ಲಿ ಇಡೀ ದೇಶದ ಎಂಟು ಬೀಚ್‌ಗಳಿಗೆ ಮೊದಲ ಸಲ ಸಿಕ್ತು, ಅದರಲ್ಲಿ ಎರಡು ನಮ್ಮ ಕರ್ನಾಟಕದವು: ಪಡುಬಿದ್ರಿ, ಹೊನ್ನಾವರದ ಕಾಸರಕೋಡು. ಸ್ನಾನದ ಋತುವಿನಲ್ಲಿ ಕನಿಷ್ಠ ಐದು ಸಲ ನೀರು ಪರೀಕ್ಷೆ ಆಗಬೇಕು, ಎರಡು ಪರೀಕ್ಷೆ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಸಮುದ್ರದ ನೀರಾದರೆ 100 ಮಿಲಿಲೀಟರ್‌ನಲ್ಲಿ ಇ-ಕೊಲೈ 250 ದಾಟಬಾರದು. ಇ-ಕೊಲೈ ಅಂದ್ರೆ ಹೊಟ್ಟೆಯೊಳಗಿನ ಹುಳ, ಬಿಡಿಸಿ ಹೇಳಬೇಕಂದ್ರೆ ಮಲದಿಂದ ನೀರಿಗೆ ಬರೋ ಸೂಕ್ಷ್ಮಜೀವಿ.

ಅಲ್ಲಿ ಎಲ್ಲಾ ಸರಿ ಐತೆ ಅಂತ ನಾನು ಹೇಳ್ತಿಲ್ಲ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಬೀದಿಯಲ್ಲಿದ್ದಾರೆ, ಲಾಠಿ ತಿಂದಿದ್ದಾರೆ. ಪ್ರವಾಸಿಗೆ ಬಾವುಟ, ಅಲ್ಲೇ ಹುಟ್ಟಿದವರಿಗೆ ಕೇಸು. ಆದ್ರೂ ಆ ಬೋರ್ಡು ನನ್ನ ತಲೆಯಿಂದ ಹೋಗ್ತಿಲ್ಲ.

ಯಾಕಂದ್ರೆ ನಮ್ಮ ಐದು ತಾಲ್ಲೂಕಿಗೆ ಸಮುದ್ರ ಇಲ್ಲ, ಆದ್ರೆ ಮುಳುಗೋ ನೀರು ಐತೆ. ಹಡಗಲಿ, ಹರಪನಹಳ್ಳಿಗೆ ತುಂಗಭದ್ರೆ. ಹಗರಿಬೊಮ್ಮನಹಳ್ಳಿಗೆ ಡ್ಯಾಮಿನ ಹಿನ್ನೀರು, ಮಾಲವಿ ಜಲಾಶಯ. ಕೂಡ್ಲಿಗಿ, ಕೊಟ್ಟೂರಿಗೆ ಕೆರೆಗಳು, ತುಂಬಿದ ವರ್ಷ. ಭರತ ಹುಣ್ಣಿಮೆಗೆ ಮೈಲಾರದ ಕಾರಣಿಕ ಕೇಳಕ್ಕೆ ಲಕ್ಷಾಂತರ ಜನ ಬರ್ತಾರೆ. ಎತ್ತಿನ ಗಾಡಿ, ಟ್ರ್ಯಾಕ್ಟರು, ಲಾರಿ, ಕಾಲ್ನಡಿಗೆ. ಬಂದವರು ಮೊದಲು ಮಾಡೋ ಕೆಲಸ ಹೊಳೆಗಿಳಿದು ಮುಳುಗೋದು. ಶಿವರಾತ್ರಿ ಬಂದ್ರೆ ಕುರುವತ್ತಿಯಲ್ಲೂ ಅದೇ. ಕರಾವಳಿಯ ಒಂದು ಬೀಚಿಗೆ ಬರುವಷ್ಟು ಜನ ನಮ್ಮ ಒಂದು ಜಾತ್ರೆಯಲ್ಲಿ ಒಂದೇ ಬೆಳಗ್ಗೆ ನೀರಿಗಿಳಿತಾರೆ. ಅವರಲ್ಲಿ ನಮ್ಮ ಕೇರಿಯವರು ಎಷ್ಟು ಅಂತ ನಿಮಗೇ ಗೊತ್ತು. ಬಾಟಲಿ ನೀರು, ಲಾಡ್ಜ್ ರೂಮಿನ ಬಿಸಿನೀರು ಯಾರಿಗೆ ಸಿಗುತ್ತೋ ಅವರು ಹೊಳೆ ನೀರು ತಲೆಗೆ ಪ್ರೋಕ್ಷಣೆ ಮಾಡ್ಕೊಂಡು ಹೋಗ್ತಾರೆ. ಪೂರಾ ಮುಳುಗೋರು, ಅದರಲ್ಲೇ ಬಟ್ಟೆ ಒಗೆಯೋರು, ಅದನ್ನೇ ಅಡಿಗೆಗೆ ತರೋರು ನಮ್ಮವರು.

ಆ ನೀರು ಎಂಥದು?

ಸರ್ಕಾರದ್ದೇ ಅಳತೆಗೋಲು ಹೇಳ್ತೀನಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಎ ಇಂದ ಇ ತನಕ ವರ್ಗ ಮಾಡುತ್ತೆ. ಬಿ ವರ್ಗ ಅಂದ್ರೆ ಬಯಲು ಸ್ನಾನಕ್ಕೆ ಯೋಗ್ಯ. ಅದಕ್ಕೆ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗೆ ಕಮ್ಮಿ ಇರಬಾರದು, ಬಿಒಡಿ 3 ಮಿಲಿಗ್ರಾಂ ದಾಟಬಾರದು. ಬಿಒಡಿ ಅಂದ್ರೆ ನೀರಿನಲ್ಲಿರೋ ಹೊಲಸು ಕೊಳೆಯಕ್ಕೆ ಎಷ್ಟು ಆಮ್ಲಜನಕ ತಿನ್ನುತ್ತೆ ಅನ್ನೋ ಲೆಕ್ಕ. ಜಾಸ್ತಿ ಇದ್ದಷ್ಟೂ ಹೊಲಸು ಜಾಸ್ತಿ. ಇದಲ್ಲದೆ ಸ್ನಾನದ ನೀರಿಗೇ ಅಂತ ಇನ್ನೊಂದು ನಿಯಮ ಐತೆ: 100 ಮಿಲಿಲೀಟರ್‌ನಲ್ಲಿ ಮಲಮೂಲದ ಕೋಲಿಫಾರ್ಮ್ 500 ಒಳಗಿದ್ರೆ ಒಳ್ಳೇದು, ಏನೇ ಆದರೂ 2,500 ದಾಟಬಾರದು. 2018ರಲ್ಲಿ ಇದೇ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳ ಪಟ್ಟಿ ಮಾಡಿತು. ಕರ್ನಾಟಕದ 17 ನದಿಗಳು ಅದರಲ್ಲಿದ್ವು, ತುಂಗಭದ್ರೆಯೂ ಒಂದು. ಪಟ್ಟಿಗೆ ಸೇರಿಸೋ ಅಳತೆ ಯಾವುದು ಗೊತ್ತಾ? ಬಿಒಡಿ 3 ದಾಟಿರಬೇಕು. ಅಂದ್ರೆ ಸ್ನಾನಕ್ಕೆ ಯೋಗ್ಯ ಅಲ್ಲ ಅಂತ ಸರ್ಕಾರವೇ ಕಾಗದದ ಮೇಲೆ ಬರೆದ ಹಾಗಾಯ್ತು. ಆ ಕಾಗದ ಮೈಲಾರದ ದಂಡೆಗೆ ಬರಲಿಲ್ಲ.

ನಮ್ಮ ಹೊಳೆ ಬರೋ ದಾರಿ ನೋಡಿ. ಕೂಡಲಿಯಲ್ಲಿ ತುಂಗೆ, ಭದ್ರೆ ಕೂಡೋ ಮೊದಲೇ ಶಿವಮೊಗ್ಗ, ಭದ್ರಾವತಿ. ಕೂಡಿದ ಮೇಲೆ ಹೊನ್ನಾಳಿ, ಹರಿಹರ, ಕುಮಾರಪಟ್ಟಣ. ದಾವಣಗೆರೆಯಂಥ ದೊಡ್ಡ ಊರಿನ ಬಳಸಿದ ನೀರೂ ಹರಿಯೋದು ಇದೇ ಕಡೆ. ಎಲ್ಲಾ ದಾಟಿ ಕಡೆಗೆ ಹರಪನಹಳ್ಳಿ, ಹಡಗಲಿ. ಎಂಬತ್ತರ ದಶಕದಲ್ಲಿ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ ನೀರಿನಿಂದ ಹೊಳೆ ಕಪ್ಪಾಗಿ, ಮೀನು ರಾಶಿ ರಾಶಿ ಸತ್ತು, ಎಸ್.ಆರ್. ಹಿರೇಮಠರು, ಸಮಾಜ ಪರಿವರ್ತನ ಸಮುದಾಯ ಹೈಕೋರ್ಟಿನ ತನಕ ಹೋದದ್ದು ಹಳಬರಿಗೆ ನೆನಪಿರಬೇಕು. ಅದು ದೊಡ್ಡ ಹೋರಾಟ. ಆದ್ರೆ ಕಾರ್ಖಾನೆ ನೀರಿಗೆ ಬಣ್ಣ ಇರುತ್ತೆ, ವಾಸನೆ ಇರುತ್ತೆ, ಜನ ಸಿಟ್ಟಾಗ್ತಾರೆ. ಊರುಗಳ ಚರಂಡಿ ನೀರಿಗೆ ನೂರು ಕಿಲೋಮೀಟರ್ ಹರಿದ ಮೇಲೆ ಬಣ್ಣ ಇರಲ್ಲ. ನೋಡಕ್ಕೆ ತಿಳಿ.

ಫೆಬ್ರವರಿ ಹೊತ್ತಿಗೆ ಹೊಳೆ ಸೊರಗಿರುತ್ತೆ. ಮರಳು ತೆಗೆದ ಗುಂಡಿಗಳಲ್ಲಿ ನೀರು ನಿಂತಿರುತ್ತೆ. ಅದಕ್ಕೇ ಮೈಲಾರ ಜಾತ್ರೆಗೆ ಅಂತ ಭದ್ರಾ ಡ್ಯಾಮಿನಿಂದ ನದಿಗೆ ನೀರು ಬಿಡಿಸ್ತಾರೆ. ಅಂದ್ರೆ ನೋಡಿ, ಆಡಳಿತಕ್ಕೆ ಸ್ನಾನದ ನೀರು ತನ್ನ ಜವಾಬ್ದಾರಿ ಅಂತ ಗೊತ್ತು. ಜಿಲ್ಲಾಧಿಕಾರಿ ಪತ್ರ ಬರೀತಾರೆ, ನೀರಾವರಿ ಇಲಾಖೆ ಗೇಟು ಎತ್ತುತ್ತೆ, ಪತ್ರಿಕೆಯಲ್ಲಿ ಸುದ್ದಿ ಬರುತ್ತೆ. ಎಷ್ಟು ನೀರು ಅಂತ ಲೆಕ್ಕ ಐತೆ. ಎಂಥ ನೀರು ಅಂತ ಕೇಳೋರಿಲ್ಲ.

ನಮ್ಮ ಅವ್ವನ ತವರು ಹಡಗಲಿ ತಾಲ್ಲೂಕಿನ ಹೊಳೆಸಾಲಿನ ಒಂದು ಹಳ್ಳಿ. ಸಣ್ಣವನಿದ್ದಾಗ ಅಜ್ಜಿ ಜತೆ ಹೊಳೆಗೆ ಹೋಗ್ತಿದ್ದೆ. ಗುಡಿ ಮುಂದೆ ಕಲ್ಲಿನ ಮೆಟ್ಟಿಲು, ಅಲ್ಲಿ ಗೌಡರು, ಸ್ವಾಮೇರು. ಅದರ ಕೆಳಗೆ ಉಳಿದ ಜಾತಿಯವರು. ಅದಕ್ಕಿಂತ ಕೆಳಗೆ ದನ ಮೈ ತೊಳೆಯೋ ಜಾಗ. ದನಕ್ಕಿಂತ ಕೆಳಗೆ ನಾವು. ಒಂದಿನ ನಾನು "ಅಜ್ಜಿ, ಮೇಲೆ ಮೆಟ್ಲು ಅದಾವಲ್ಲ, ಅಲ್ಲಿ ಯಾಕ ಹೋಗಬಾರದು?" ಅಂದೆ. ಅಜ್ಜಿ "ಸುಮ್ನಿರೋ ಮಗಾ, ಹೊಳೆ ಎಲ್ಲಾ ಒಂದೇ" ಅಂದ್ಲು. ಹೊಳೆ ಒಂದೇ ಹೌದು. ಮೇಲಿನವರ ಮೈ ತೊಳೆದ ನೀರು, ದನದ ಸಗಣಿ ಬೆರೆತ ನೀರು, ಕಡೆಗೆ ನಮ್ಮ ಮೈಗೆ. ಮೈಲಿಗೆ ಮಾತ್ರ ನಮ್ಮಿಂದ ಮೇಲಕ್ಕೆ ಹರಿಯುತ್ತೆ ಅಂತ ಅವರ ನಂಬಿಕೆ. ಹೊಳೆ ನೀರು ಎಂದಾದರೂ ಮೇಲಕ್ಕೆ ಹರಿದದ್ದು ಉಂಟಾ?

ಬಾಬಾಸಾಹೇಬರು ಈ ಮೂರ್ಖತನವನ್ನು ಮಹಾಡದಲ್ಲಿ ಬಯಲಿಗೆಳೆದ್ರು. 1923ರಲ್ಲಿ ಬೋಲೆಯವರ ಠರಾವು ಮುಂಬೈ ಶಾಸನಸಭೆಯಲ್ಲಿ ಪಾಸಾಗಿತ್ತು, ಮಹಾಡ ಪುರಸಭೆ ಕೆರೆ ಎಲ್ಲರಿಗೂ ಮುಕ್ತ ಅಂತ ಹೇಳಿತ್ತು. ಕಾಗದದಲ್ಲಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜತೆ ಹೋಗಿ ಚವದಾರ ಕೆರೆ ನೀರು ಮುಟ್ಟಿ ಕುಡಿದ ಮೇಲೆ ಏನಾಯ್ತು? ಹೊಡೆದರು. ಆಮೇಲೆ ಪಂಚಗವ್ಯ ತಂದು ಕೆರೆಗೆ ಸುರಿದು "ಶುದ್ಧಿ" ಮಾಡಿದ್ರು. ಸಗಣಿ, ಗಂಜಲ ಸುರಿದ ಮೇಲೆ ಆ ಕೆರೆ ನೀರಿನ ಕೋಲಿಫಾರ್ಮ್ ಎಷ್ಟಾಗಿರಬೇಕು ಅಂತ ಯಾವುದಾದರೂ ಲ್ಯಾಬಿನ ಹುಡುಗರನ್ನು ಕೇಳಿ ನೋಡಿ. ನೂರು ವರ್ಷದ ಹಿಂದೆ ಮನುಷ್ಯ ಮುಟ್ಟಿದ್ದಕ್ಕೆ ನೀರು ಕೆಟ್ಟಿತು ಅಂದವರು ನಿಜವಾಗಿ ನೀರು ಕೆಡಿಸಿದ್ರು. ಕೋರ್ಟಿನಲ್ಲಿ ಗೆಲ್ಲಕ್ಕೆ 1937ರ ತನಕ ಹತ್ತು ವರ್ಷ ಬೇಕಾಯ್ತು.

ಆ ಮನುಷ್ಯ ಸಂವಿಧಾನ ಬರೆಯಕ್ಕೆ ಕೂತಾಗ ಇದನ್ನ ಮರೀಲಿಲ್ಲ. 15ನೇ ವಿಧಿ ಎಲ್ಲರೂ ಭಾಷಣದಲ್ಲಿ ಹೇಳ್ತೀವಿ. ಅದರ ಎರಡನೇ ಖಂಡ ಬಿಡಿಸಿ ಓದಿ. ಬಾವಿ, ಕೆರೆ, ರಸ್ತೆ ಜತೆಗೆ "ಸ್ನಾನಘಟ್ಟ" ಅಂತ ಹೆಸರು ಹಿಡಿದು ಬರೆದಿದೆ. ಸರ್ಕಾರದ ದುಡ್ಡಿನಲ್ಲಿ ನಡೆಯೋ ಸ್ನಾನಘಟ್ಟದ ಬಳಕೆಗೆ ಜಾತಿ ಅಡ್ಡ ಬರಬಾರದು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ ಸ್ನಾನಘಟ್ಟ ಐತೆ. ಇನ್ನು ನಾವು ದಿನಾ ಹಿಡ್ಕೊಂಡು ಓಡಾಡೋ 1989ರ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತು ಐತೆ, ಅದನ್ನ ನಮ್ಮವರೇ ಕಮ್ಮಿ ಓದಿದ್ದಾರೆ: ಪರಿಶಿಷ್ಟ ಜಾತಿ, ಪಂಗಡದವರು ಸಾಮಾನ್ಯವಾಗಿ ಬಳಸೋ ನೀರಿನ ಮೂಲವನ್ನು ಬಳಕೆಗೆ ಬಾರದ ಹಾಗೆ ಹೊಲಸು ಮಾಡೋದು ಅಪರಾಧ. ನಾನು ಈ ಭಾಗದಲ್ಲಿ ಈ ಕಲಮಿನಡಿ ಒಂದು ಕೇಸು ಆಗಿದ್ದು ಕೇಳಿಲ್ಲ. ಊರಿನ ಒಳಚರಂಡಿ ವಿಷಯದಲ್ಲಿ ಇದು ಕೋರ್ಟಿನಲ್ಲಿ ನಿಲ್ಲುತ್ತೋ ಇಲ್ಲವೋ ವಕೀಲ ಮಿತ್ರರು ಹೇಳಲಿ. ಆದರೆ ನೀರನ್ನು ಮುಟ್ಟೋ ಹಕ್ಕಿನ ಪಕ್ಕದಲ್ಲೇ ಒಳ್ಳೆ ನೀರಿನ ಹಕ್ಕನ್ನೂ ಕಾನೂನು ಇಟ್ಟಿದೆ. ನಾವು ಮೊದಲನೇದಕ್ಕೆ ಹೊಡೆದಾಡಿದ್ವಿ, ಎರಡನೇದನ್ನ ಬಿಟ್ವಿ. ಇವತ್ತು ಮೆಟ್ಟಿಲ ಮೇಲೆ ಹೋಗಿ ಮುಳುಗಕ್ಕೆ ಬಹಳ ಕಡೆ ಯಾರೂ ಅಡ್ಡ ಬರಲ್ಲ. ಮುಳುಗೋ ನೀರಿನಲ್ಲಿ ಏನಿದೆ ಅಂತ ಮಾತ್ರ ಯಾರೂ ಹೇಳಲ್ಲ.

ಇಲ್ಲಿ ನಮ್ಮ ಸಂಗಾತಿಗಳು ಎರಡು ಮಾತು ಎತ್ತುತ್ತಾರೆ. ಗೊತ್ತು ನನಗೆ.

ಒಂದು: "ಅಣ್ಣಾ, ಕುಡಿಯೋ ನೀರಿಗೇ ಗತಿ ಇಲ್ಲ, ನೀನು ಸ್ನಾನದ ನೀರು ಹಿಡ್ಕೊಂಡು ಕೂತೀಯಲ್ಲ." ಕುಡಿಯೋ ನೀರಿನ ಕತೆ ನಾನು ಮರೆತಿಲ್ಲ. 2021ರಲ್ಲಿ ಇದೇ ಹಡಗಲಿ ತಾಲ್ಲೂಕಿನ ಮಕರಬ್ಬಿಯಲ್ಲಿ ಕಲುಷಿತ ನೀರು ಕುಡಿದು ಆರು ಜನ ಸತ್ರು, ನೂರಾರು ಜನ ಆಸ್ಪತ್ರೆ ಸೇರಿದ್ರು. 2023ರಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಸತ್ತವರು ದಲಿತ ಕಾಲೋನಿಯವರು. ನಾನು ಕೇಳೋದು ಇಷ್ಟೇ, ಹೊಳೆಸಾಲಿನ ಊರಿನಲ್ಲಿ ಕುಡಿಯೋ ನೀರು, ಮೀಯೋ ನೀರು ಅಂತ ಎರಡು ಹೊಳೆ ಇದಾವಾ? ಮಕ್ಕಳು ಈಜುವಾಗ ಎಷ್ಟು ಗುಟುಕು ನೀರು ಒಳಗೆ ಹೋಗುತ್ತೆ? ಜಾತ್ರೆ ಮುಗಿದು ಬಂದ ವಾರ ನಮ್ಮ ಕೇರಿಯಲ್ಲಿ ಕಜ್ಜಿ, ತುರಿಕೆ, ವಾಂತಿಭೇದಿ ಇರೋದು ವರ್ಷಾ ನೋಡ್ತೀನಿ. ಹೊಳೆ ನೀರಿನಿಂದಲೇ ಅಂತ ಪ್ರಮಾಣ ಮಾಡಿ ಹೇಳಕ್ಕೆ ಆಗಲ್ಲ, ಉರಿ ಬಿಸಿಲು, ಪ್ರಸಾದ, ಧೂಳು ಎಲ್ಲಾ ಇರುತ್ತೆ. ಪರೀಕ್ಷೆ ಮಾಡಿದ್ರೆ ತಾನೇ ಗೊತ್ತಾಗೋದು? ಪರೀಕ್ಷೆ ಇಲ್ಲದ ಕಡೆ ರೋಗಕ್ಕೆ ಕಾರಣ ನಮ್ಮವರ "ಸ್ವಚ್ಛತೆ ಇಲ್ಲದ ಅಭ್ಯಾಸ" ಅಂತ ಬರ್ಕೊಂಡು ಹೋಗ್ತಾರೆ. ಅದು ನನಗೆ ಉರಿಯೋದು.

ಎರಡನೇದು ಇನ್ನೂ ಗಟ್ಟಿ ಮಾತು: "ಜಾತ್ರೆ, ಮುಳುಗು, ಕಾರಣಿಕ ಇದೆಲ್ಲ ಬಿಡಿಸಬೇಕಾದ ನಾವೇ ಅದಕ್ಕೆ ಸೌಕರ್ಯ ಕೇಳೋದಾ?" ಈ ಪ್ರಶ್ನೆಯನ್ನ ಹಗುರ ಮಾಡಲ್ಲ. 1986ರಲ್ಲಿ ಚಂದ್ರಗುತ್ತಿಯಲ್ಲಿ ವರದಾ ಹೊಳೆಯಲ್ಲಿ ಮುಳುಗಿ ಬೆತ್ತಲೆ ಹೋಗೋ ಹೆಣ್ಮಕ್ಕಳನ್ನ ತಡೆಯಕ್ಕೆ ಹೋದ ದಸಂಸದವರು ಏಟು ತಿಂದಿದ್ದು ನಮ್ಮ ಚರಿತ್ರೆ. ಆ ವರದೆ ಗಳಗನಾಥದಲ್ಲಿ ಇದೇ ತುಂಗಭದ್ರೆ ಸೇರೋದು. ದಸಂಸ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ್ದು ಇದೇ ಹೊಳೆ ದಂಡೆಯ ಹರಿಹರದಲ್ಲಿ. ಉಚ್ಚಂಗಿದುರ್ಗಕ್ಕೆ ಹುಣ್ಣಿಮೆಗೆ ಹೋಗೋ ನಮ್ಮ ಹೆಣ್ಮಕ್ಕಳ ಕೊರಳಿಗೆ ಮುತ್ತು ಬೀಳದ ಹಾಗೆ ಕಾಯೋದು ಇವತ್ತಿಗೂ ನಮ್ಮ ಕೆಲಸವೇ. 1982ರ ದೇವದಾಸಿ ಕಾಯ್ದೆ ಆಗಿದ್ದಕ್ಕೆ ಆ ಪದ್ಧತಿ ಸತ್ತಿಲ್ಲ. ನಾನೂ ಮೈಲಾರಕ್ಕೆ ಹೋಗೋದು ದೇವರಿಗಲ್ಲ. ಆದ್ರೆ ನಮ್ಮ ಅಕ್ಕ ಹೋಗ್ತಾಳೆ. ಒದ್ದೆ ಸೀರೆಯಲ್ಲಿ ಸಾವಿರ ಗಂಡಸರ ಕಣ್ಣ ಮುಂದೆ ಬಟ್ಟೆ ಬದಲಿಸಕ್ಕೆ ಪಕ್ಕದವಳ ಸೆರಗು ಹಿಡಿಸ್ಕೊಂಡು ನಿಲ್ತಾಳೆ. ಪಡುಬಿದ್ರಿಯಲ್ಲಿ ಈಜು ಚಡ್ಡಿಯವನಿಗೆ ಕೋಣೆ ಐತೆ, ನಮ್ಮಕ್ಕನಿಗೆ ಜಾತ್ರೆಯಲ್ಲಿ ತಗಡಿನ ಮರೆ ಸಿಕ್ರೆ ಪುಣ್ಯ. ಅವಳಿಗೆ ಬುದ್ಧಿ ಹೇಳೋ ಮೊದಲು ಒಂದು ಕೋಣೆ ಕೊಡಿಸ್ತೀನಿ ನಾನು. ಬುದ್ಧಿ ಆಮೇಲೂ ಹೇಳಬಹುದು.

ಜಾತ್ರೆ ಮುಗಿದ ಮಾರನೇ ದಿನ ಯಾರಾದರೂ ಮೈಲಾರದಲ್ಲಿ ಉಳಿದಿದ್ದೀರಾ? ನಾನು ಉಳಿದಿದ್ದೀನಿ. ಗಾಡಿಗಳು ಹೋದ ಮೇಲೆ ದಂಡೆ ತುಂಬ ಪ್ಲಾಸ್ಟಿಕ್, ಬಿಟ್ಟ ಬಟ್ಟೆ, ಬಾಳೆ ಎಲೆ, ಬಯಲಿಗೆ ಹೋದ ಗುರುತು. ಅದನ್ನ ಎತ್ತೋರು ಯಾರು? ಬುಟ್ಟಿ, ಸಲಿಕೆ ಹಿಡಿದು ಬರೋರು ದಿನಗೂಲಿ ಮೇಲೆ, ಗುತ್ತಿಗೆ ಮೇಲೆ ಬಂದ ನಮ್ಮವರೇ. ಗ್ಲೌಸು, ಬೂಟು ಫೋಟೋ ದಿನಕ್ಕೆ ಮಾತ್ರ. 2013ರ ಕಾಯ್ದೆ ಮಲ ಬಾಚಿಸೋದನ್ನ ನಿಷೇಧ ಮಾಡಿದೆ, ಜಾತ್ರೆ ಬಯಲಿನಲ್ಲಿ ಆ ಕಾಯ್ದೆ ಎಲ್ಲಿ ಹೋಗುತ್ತೆ? ಕರಾವಳಿಯ ಬಾವುಟಕ್ಕೂ ಯಾರೋ ಬೆಳಗ್ಗೆ ಎದ್ದು ಮರಳು ಜಾಲಿಸ್ತಾರೆ, ಅವರ ಹೆಸರು ಬೋರ್ಡಿನಲ್ಲಿ ಇರಲ್ಲ. ಹಾಗಾಗಿ ನಮ್ಮ ಬೇಡಿಕೆಯಲ್ಲಿ ನೀರಿನ ಪರೀಕ್ಷೆ ಎಷ್ಟು ಮುಖ್ಯವೋ ದಂಡೆ ಗುಡಿಸೋರ ಕೂಲಿ, ಸಲಕರಣೆ, ವಿಮೆ ಅಷ್ಟೇ ಮುಖ್ಯ. ಒಂದು ಕೇಳಿ ಇನ್ನೊಂದು ಬಿಟ್ಟರೆ ಸ್ವಚ್ಛ ದಂಡೆಗೆ ಮತ್ತೆ ನಮ್ಮ ಬೆನ್ನೇ ಬಾಗೋದು.

ಆಗದ ಕೆಲಸ ಅನ್ನೋರಿಗೆ ಎರಡು ಉದಾಹರಣೆ. ಪ್ಯಾರಿಸ್ಸಿನ ಸೆನ್ ನದಿಯಲ್ಲಿ 1923ರಿಂದ ಈಜು ನಿಷೇಧ ಇತ್ತು. 140 ಕೋಟಿ ಯೂರೋ ಖರ್ಚು ಮಾಡಿ ಚರಂಡಿ ನೀರು ತಡೆದು, 2024ರ ಒಲಿಂಪಿಕ್ಸ್ ಅಲ್ಲೇ ನಡೆಸಿದ್ರು. ಮಳೆ ಬಂದು ನೀರು ಕೆಟ್ಟಾಗ ಸ್ಪರ್ಧೆ ಮುಂದಕ್ಕೆ ಹಾಕಿದ್ರು, ನಾಚಿಕೆ ಪಡಲಿಲ್ಲ. 2025ರ ಜುಲೈನಲ್ಲಿ ಸಾಮಾನ್ಯ ಜನಕ್ಕೂ ಬಿಟ್ರು. ನೀರು ಸರಿ ಇಲ್ಲದ ದಿನ ಕೆಂಪು ಬಾವುಟ. ಯುರೋಪಿನಲ್ಲಿ ಸಮುದ್ರ ಮಾತ್ರ ಅಲ್ಲ, ಜನ ಮೀಯೋ ನದಿ, ಕೆರೆಗೂ ಪರೀಕ್ಷೆ, ಬೋರ್ಡು ಕಾನೂನಿನಲ್ಲೇ ಐತೆ. ಇತ್ತ ನಮ್ಮ ದೇಶ ನೋಡಿ. 2025ರ ಕುಂಭಮೇಳದಲ್ಲಿ ಪ್ರಯಾಗದ ನೀರು ಸ್ನಾನದ ಮಾನದಂಡಕ್ಕೆ ಇಲ್ಲ ಅಂತ ಕೇಂದ್ರ ಮಂಡಳಿಯೇ ಹಸಿರು ನ್ಯಾಯಮಂಡಳಿಗೆ ವರದಿ ಕೊಟ್ಟಿತು. ಅಲ್ಲಿನ ಮುಖ್ಯಮಂತ್ರಿ ಸದನದಲ್ಲಿ ನಿಂತು, ಸ್ನಾನಕ್ಕೇನು, ಆಚಮನಕ್ಕೂ ಯೋಗ್ಯ ಅಂದ್ರು. ನಂಬಿಕೆ ಅನ್ನೋದನ್ನ ಅಧಿಕಾರದವರು ಹೀಗೆ ಬಳಸ್ತಾರೆ, ವರದಿ ಮುಚ್ಚಕ್ಕೆ.

ನಾನು ಕಚೇರಿ ಗುಮಾಸ್ತ. ಕಾಗದ ಹೇಗೆ ಸಾಯುತ್ತೆ ಅಂತ ನನಗೆ ಬೇರೆಯವರು ಹೇಳಬೇಕಿಲ್ಲ. ಹೋದ ವರ್ಷ ಒಂದು ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಜಾತ್ರೆಯ ಸ್ನಾನಘಟ್ಟದ ನೀರಿನ ಪರೀಕ್ಷಾ ವರದಿ ಕೇಳಿದೆ. 6(3)ರ ಅಡಿ ಇನ್ನೊಂದು ಕಚೇರಿಗೆ ವರ್ಗಾಯಿಸಿದೆ ಅಂತ ಹಿಂಬರಹ ಬಂತು. ಆ ಕಚೇರಿ ನಮಗೆ ಸಂಬಂಧ ಇಲ್ಲ ಅಂತ ವಾಪಸ್. ಸ್ನಾನಘಟ್ಟ ಕಟ್ಟೋದು ಒಬ್ಬರು, ಜಾತ್ರೆ ನಡೆಸೋದು ಒಬ್ಬರು, ನೀರು ಬಿಡೋದು ಒಬ್ಬರು, ನೀರು ಪರೀಕ್ಷೆ ಮಾಡೋದು ಮತ್ತೊಬ್ಬರು. ಮುಳುಗೋನು ಯಾರ ಕಡತದಲ್ಲೂ ಇಲ್ಲ.

ಹಾಗಾಗಿ ಈ ಸಲ ಒಬ್ಬನೇ ಅರ್ಜಿ ಹಾಕಲ್ಲ. ಐದು ತಾಲ್ಲೂಕಿನಿಂದ ಒಂದೇ ದಿನ ಹಾಕೋಣ. ಕೇಳೋದು ದೊಡ್ಡದೇನಲ್ಲ. ಮೈಲಾರ, ಕುರುವತ್ತಿ, ಹರಪನಹಳ್ಳಿ ತಾಲ್ಲೂಕಿನ ಹೊಳೆಸಾಲು, ಹಿನ್ನೀರಿನ ದಂಡೆ, ಜನ ಇಳಿಯೋ ದೊಡ್ಡ ಕೆರೆಗಳನ್ನ ಸ್ನಾನದ ಜಾಗ ಅಂತ ಜಿಲ್ಲಾಡಳಿತ ಗುರುತಿಸಲಿ. ತಿಂಗಳಿಗೊಮ್ಮೆ, ಜಾತ್ರೆಗೆ ಒಂದು ವಾರ ಮುಂಚೆ, ಜಾತ್ರೆ ದಿನ ಪರೀಕ್ಷೆ ಆಗಲಿ. ಮಾದರಿ ನೀರನ್ನ ಮೇಲಿನ ಮೆಟ್ಟಿಲ ಹತ್ರ ಮಾತ್ರ ಅಲ್ಲ, ಕೆಳಗಿನ ದಂಡೆಯಲ್ಲೂ ತೆಗೀಲಿ. ಫಲಿತಾಂಶ ಕನ್ನಡದಲ್ಲಿ, ಓದಕ್ಕೆ ಬಾರದವರಿಗೆ ಹಸಿರು, ಕೆಂಪು ಬಣ್ಣದಲ್ಲಿ ದಂಡೆ ಮೇಲೆ ಹಾಕಲಿ. ಕೆಂಪು ಬಂದ ದಿನ ಮುಳುಗಬೇಡಿ ಅಂತ ಮೈಕಿನಲ್ಲಿ ಹೇಳಲಿ, ನಲ್ಲಿ ನೀರಿನ ವ್ಯವಸ್ಥೆ ಮಾಡಲಿ.

ಪಂಚಾಯ್ತಿಗಳಿಗೆ ಜಲಜೀವನ ಯೋಜನೆಯಲ್ಲಿ ನೀರು ಪರೀಕ್ಷೆ ಕಿಟ್ ಕೊಟ್ಟಿದ್ದಾರೆ. ಅದರಲ್ಲಿ ಒಂದು ಸಣ್ಣ ಶೀಶೆ ಪರೀಕ್ಷೆ ಐತೆ, ನೀರು ತುಂಬಿ ಒಂದೆರಡು ದಿನ ಇಟ್ಟರೆ, ಮಲದ ಹುಳ ಇದ್ದರೆ ಕಪ್ಪಾಗುತ್ತೆ. ಹುಡುಗರು ಅದನ್ನೇ ಮಾಡೋಣ ಅಂತ ಉತ್ಸಾಹದಲ್ಲಿ ಇದ್ದಾರೆ. ಮಾಡಿ, ಜನರಿಗೆ ತೋರಿಸಕ್ಕೆ ಚೆನ್ನಾಗಿರುತ್ತೆ. ಆದ್ರೆ ಒಂದು ಮಾತು: ಅದು ಕುಡಿಯೋ ನೀರಿನ ಪರೀಕ್ಷೆ, ಇದೆಯೋ ಇಲ್ಲವೋ ಅಷ್ಟೇ ಹೇಳುತ್ತೆ. ಯಾವ ಹೊಳೆ ನೀರಾದರೂ ಬಹುಪಾಲು ಕಪ್ಪಾಗೇ ಆಗುತ್ತೆ. ನಾಳೆ ಅಧಿಕಾರಿ "ಹೊಳೆ ಅಂದ್ಮೇಲೆ ಇಷ್ಟು ಇದ್ದೇ ಇರುತ್ತೆ" ಅಂದು ಎದ್ದು ಹೋಗ್ತಾನೆ. ನಮಗೆ ಬೇಕಾಗಿದ್ದು ಎಣಿಕೆ: 500 ಒಳಗೋ, 2,500 ಮೇಲೋ. ಅದಕ್ಕೆ ಲ್ಯಾಬೇ ಬೇಕು. ಕ್ರಿಮಿಶುದ್ಧ ಮಾಡಿದ ಬಾಟಲಿ, ಐಸ್ ಡಬ್ಬ, 24 ಗಂಟೆ ಒಳಗೆ ಮುಟ್ಟಿಸೋದು. ಇದನ್ನ ಮಾಡೋ ಯಂತ್ರ, ಸಿಬ್ಬಂದಿ ಸರ್ಕಾರದ ಹತ್ರ ಐತೆ, ನಾವು ಮಾಡಿಸಬೇಕು.

ಇನ್ನು ನಮ್ಮ ಶಾಸಕರು. ಹಡಗಲಿ, ಹಗರಿಬೊಮ್ಮನಹಳ್ಳಿ ಎರಡೂ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ, ಕೂಡ್ಲಿಗಿ ಪಂಗಡದ ಮೀಸಲು. ಬಾಬಾಸಾಹೇಬರ 15ನೇ ವಿಧಿ ಬರೆದ ಪುಸ್ತಕ ಇರೋದಕ್ಕೇ ಅವರು ಆ ಕುರ್ಚಿಯಲ್ಲಿ ಇರೋದು. ಜಾತ್ರೆ ಪೂರ್ವಭಾವಿ ಸಭೆಯಲ್ಲಿ ಪ್ರತಿ ವರ್ಷ ಕೂರ್ತಾರೆ, ರಸ್ತೆ, ಲೈಟು, ಬಸ್ಸು ಚರ್ಚೆ ಆಗುತ್ತೆ. ಈ ಸಲ ಆ ಸಭೆಗೆ ನಾವೂ ಹೋಗಿ, ಒಂದು ಬಾಟಲಿ ಹೊಳೆ ನೀರು ಮೇಜಿನ ಮೇಲೆ ಇಡೋಣ. ಕೆಳಗಿನ ದಂಡೆಯಿಂದ ತಂದದ್ದು.

ಅರ್ಜಿ ನಮೂನೆ ಟೈಪ್ ಮಾಡಿ ಇಟ್ಟಿದ್ದೀನಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ನಿಮ್ಮದು. ಹೆಸರು, ಊರು ತುಂಬಿದ್ರೆ ಸಾಕು. ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಹೊಳೆಸಾಲಿನ ಊರಿನವರು ಮೊದಲು ಬನ್ನಿ, ನಿಮ್ಮಲ್ಲಿ ಜನ ಎಲ್ಲಿ ಇಳಿತಾರೆ, ಚರಂಡಿ ಎಲ್ಲಿ ಸೇರುತ್ತೆ ಅಂತ ಒಂದು ಕೈ ನಕ್ಷೆ ಜತೆಗೆ. ಬರೋ ಭಾನುವಾರ ನಾನು ಮೈಲಾರದಲ್ಲಿ ಇರ್ತೀನಿ, ಮೆಟ್ಟಿಲ ಹತ್ರ ಅಲ್ಲ, ಅದರ ಕೆಳಗೆ.

ಜೈ ಭೀಮ್.